ಆತ್ಮಹತ್ಯೆಯ ವಿಷಯದಲ್ಲಿ ಮೌಲ್ವಿಗಳ ಮತವೂ ದೇಶದ ಕಾನೂನೂ

ಪ್ರಾಣಕ್ಕಿಂತ ಪ್ರಿಯವಾದ ವಸ್ತು ಲೋಕದಲ್ಲಿ ಮತ್ತೊಂದಿಲ್ಲವೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೂ ಸಾಲ, ರೋಗ, ಅವಮಾನ, ಗೃಹಕಲಹ ಇವುಗಳಲ್ಲಿ ಯಾವುದಾದರೊಂದು ಮಿತಿಮೀರಿದಾಗ ಆ ಪ್ರಿಯವಸ್ತುವನ್ನೇ ಹೊರಲಾರದ ಹೊರೆಯೆಂದು ಎಣಿಸುವ ದುರವಸ್ಥೆ ಎಲ್ಲ ಮತದವರ ಮನೆಗಳಿಗೂ ಬರುವುದುಂಟು. ಅಂಥ ಮನೆಯೊಳಗೆ ದುಃಖದ ಹಿಂದೆಯೇ ಎರಡು ಭಯಗಳು ಹೊಕ್ಕು ಕುಳಿತುಕೊಳ್ಳುವುವು: ಧರ್ಮಗುರುಗಳು ಏನೆನ್ನುವರೋ ಎಂಬುದೊಂದು, ಪೊಲೀಸಿನವರು ಏನು ಮಾಡುವರೋ ಎಂಬುದು ಮತ್ತೊಂದು. ಈ ಭಯಗಳಿಗಾಗಿ ವಿಷಯವನ್ನು ಮುಚ್ಚಿಡುವರು. ಹೀಗೆ ಮುಚ್ಚಿಡುವುದರಿಂದ ಸತ್ತವರಿಗೆ ಯಾವ ಉಪಕಾರವೂ ಆಗದು. ಉಳಿಸಿಕೊಳ್ಳಬಹುದಾಗಿದ್ದ ಜೀವಗಳಿಗೆ ಮಾತ್ರ ಅಪಕಾರವಾಗುವುದು. ಆದುದರಿಂದ ಮುಸಲ್ಮಾನ ಧರ್ಮಗುರುಗಳ ನಿಲುವು ನಿಜವಾಗಿ ಏನು, ದೇಶದ ಕಾನೂನು ಈಗ ಎಲ್ಲಿ ನಿಂತಿದೆ, ಇವೆರಡೂ ಒಂದಕ್ಕೊಂದು ವಿರುದ್ಧವೋ ಅಲ್ಲವೋ ಎಂಬುದನ್ನು ವಾಚಕರ ಮುಂದಿಡಲು ಈ ಲೇಖನವನ್ನು ಬರೆದಿದೆ.

ಈ ಪ್ರಶ್ನೆ ನಮ್ಮ ಮಂಡ್ಯದ ಸೀಮೆಗೆ ದೂರದ್ದಲ್ಲ. ಅರ್ಕೇಶ್ವರಸ್ವಾಮಿಯ ದೇವಾಲಯದಿಂದ ಹೆಸರಾದ ಗುತ್ತಲನ್ನೇ ತೆಗೆದುಕೊಳ್ಳಿರಿ. ಒಂದು ಕಾಲಕ್ಕೆ ಬೇರೆ ಹಳ್ಳಿಯಂತಿದ್ದ ಈ ಊರು ಈಗ ಮಂಡ್ಯ ನಗರದೊಳಗೆ ಸೇರಿಹೋಗಿದೆ. ಹಿಂದೂಗಳ ಮನೆಗಳೂ ಮುಸಲ್ಮಾನರ ಮನೆಗಳೂ ಇಲ್ಲಿ ಉಂಟು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾದಂದಿನಿಂದ ಈ ಸೀಮೆಯ ಭಾಗ್ಯವು ಕಬ್ಬಿನ ಜಲ್ಲೆಗೆ ಕಟ್ಟಿಕೊಂಡಿರುವುದು. ಕಬ್ಬಿನ ಬೆಲೆ ಬಿದ್ದರೆ ಬೀಳುವವನು ರೈತನೊಬ್ಬನೇ ಅಲ್ಲ. ಆಲೆಮನೆಯ ಕೂಲಿಯವನು, ಗಾಡಿಯವನು, ಬೆಲ್ಲದ ವ್ಯಾಪಾರಿ, ಸಂತೆಯಲ್ಲಿ ಬಟ್ಟೆ ಹರಡುವವನು ಎಲ್ಲರೂ ಬೀಳುವರು. ಸಾಲಕ್ಕೆ ಜಾತಿಮತಗಳ ಭೇದವಿಲ್ಲ. ೨೦೧೫ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳ ವಾರ್ತೆ ದೇಶವನ್ನೆಲ್ಲ ಕಲಕಿತೆಂಬುದನ್ನು ವಾಚಕರು ಮರೆತಿರಲಾರರು.

ಮೊದಲು ಧರ್ಮದ ಮಾತು. ಇಸ್ಲಾಮಿನಲ್ಲಿ ಆತ್ಮಹತ್ಯೆಯು ನಿಷಿದ್ಧವೆಂಬ ವಿಷಯದಲ್ಲಿ ಎರಡು ಮತವಿಲ್ಲ. ತಮ್ಮನ್ನು ತಾವು ಕೊಂದುಕೊಳ್ಳಬಾರದು, ದೇವರು ನಿಮ್ಮ ಮೇಲೆ ದಯೆಯುಳ್ಳವನು ಎಂಬ ಅರ್ಥದ ಆಜ್ಞೆ ಕುರಾನಿನ ನಾಲ್ಕನೆಯ ಅಧ್ಯಾಯದಲ್ಲಿದೆ. ಸ್ವಹಸ್ತದಿಂದ ವಿನಾಶಕ್ಕೆ ಬೀಳಬೇಡಿರೆಂಬ ಆಜ್ಞೆ ಎರಡನೆಯ ಅಧ್ಯಾಯದಲ್ಲಿದೆ. ಪೈಗಂಬರರ ನಡೆನುಡಿಗಳನ್ನು ಸಂಗ್ರಹಿಸಿದ ಹದೀಸುಗಳಲ್ಲಿ ಈ ಕೃತ್ಯಕ್ಕೆ ಪರಲೋಕದ ಘೋರ ಶಿಕ್ಷೆಯನ್ನು ಹೇಳಿದೆ. ಇದಕ್ಕೆ ಮೌಲ್ವಿಗಳು ಕೊಡುವ ಕಾರಣ ಸುಲಭವಾದುದು. ಪ್ರಾಣವು ಮನುಷ್ಯನ ಸ್ವಂತ ಆಸ್ತಿಯಲ್ಲ. ಅದು ದೇವರು ಇಟ್ಟ ಅಮಾನತ್ತು, ಎಂದರೆ ನಂಬಿ ಒಪ್ಪಿಸಿದ ಒಡವೆ. ಇಟ್ಟವನು ಕೇಳುವವರೆಗೆ ಕಾಪಾಡುವುದು ಇಟ್ಟುಕೊಂಡವನ ಧರ್ಮ. ಕಷ್ಟದಲ್ಲಿ ಸಬರ್, ಎಂದರೆ ತಾಳ್ಮೆ, ದೊಡ್ಡ ಪುಣ್ಯ. ದೇವರ ಕರುಣೆಯಲ್ಲಿ ನಿರಾಶೆ ದೊಡ್ಡ ದೋಷ.

ಇಲ್ಲಿಯವರೆಗೆ ಎಲ್ಲರಿಗೂ ತಿಳಿದದ್ದೇ. ತಿಳಿಯದೆ ಉಳಿದಿರುವುದು ಇದರ ಮುಂದಿನ ಮಾತು. ಕೃತ್ಯವು ಪಾಪವೆಂದಾದರೆ, ಹಾಗೆ ಸತ್ತವನ ಶವಕ್ಕೆ ಸ್ನಾನ, ಕಫನು, ಜನಾಜಾ ನಮಾಜು, ಖಬರಸ್ತಾನದಲ್ಲಿ ಸ್ಥಳ ಇವೆಲ್ಲ ಉಂಟೋ ಇಲ್ಲವೋ? ಇವು ಇಲ್ಲವೆಂದು ನಂಬಿರುವ ಸಂಸಾರಗಳು ಬಹಳ. ಈ ನಂಬಿಕೆಯ ಮೂಲವೂ ಒಂದು ಹದೀಸೇ. ಸ್ವಹಸ್ತದಿಂದ ಪ್ರಾಣ ನೀಗಿಕೊಂಡವನೊಬ್ಬನ ಶವವನ್ನು ತಂದಾಗ ಪೈಗಂಬರರು ಆತನ ಜನಾಜಾ ನಮಾಜನ್ನು ತಾವು ಮಾಡಲಿಲ್ಲವೆಂದು ಸಹೀಹ್ ಮುಸ್ಲಿಮ್ ಎಂಬ ಸಂಗ್ರಹದಲ್ಲಿದೆ. ಆದರೆ ಪಂಡಿತರು ಇಲ್ಲಿಗೇ ನಿಲ್ಲಲಿಲ್ಲ. ಪೈಗಂಬರರು ತಾವು ಹಿಂದೆ ಸರಿದರೇ ಹೊರತು ಉಳಿದವರನ್ನು ತಡೆಯಲಿಲ್ಲ. ಜನರಿಗೆ ಎಚ್ಚರಿಕೆಯಾಗಲೆಂಬುದೇ ಅವರ ಉದ್ದೇಶ ಎಂದು ಬಹುಮಂದಿ ನಿರ್ಣಯಿಸಿರುವರು. ಹದಿಮೂರನೆಯ ಶತಮಾನದ ಭಾಷ್ಯಕಾರರಾದ ಇಮಾಮ್ ನವವಿಯವರು ಅಬೂ ಹನೀಫಾ, ಮಾಲಿಕ್, ಷಾಫಿ ಮುಂತಾದ ಬಹುಸಂಖ್ಯಾತ ಆಚಾರ್ಯರ ಮತದಲ್ಲಿ ಆತ್ಮಹತ್ಯೆ ಮಾಡಿಕೊಂಡವನಿಗೂ ನಮಾಜು ಉಂಟೆಂದು ಬರೆದಿರುವರು. ಉಮರ್ ಬಿನ್ ಅಬ್ದುಲ್ ಅಜೀಜರಂಥ ಕೆಲವರು ಇಲ್ಲವೆಂದರು. ಅಬೂ ಹನೀಫರ ಶಿಷ್ಯರಲ್ಲಿಯೇ ಅಬೂ ಯೂಸುಫರು ಭಿನ್ನಮತದವರು.

ಮೈಸೂರು ಸೀಮೆಯ ಮುಸಲ್ಮಾನರಲ್ಲಿ ಹೆಚ್ಚಿನವರು ಹನಫೀ ಪದ್ಧತಿಯವರು. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಷಾಫಿ ಪದ್ಧತಿಯವರು. ಈ ವಿಷಯದಲ್ಲಿ ಎರಡು ಪದ್ಧತಿಗಳ ತೀರ್ಪೂ ಒಂದೇ. ಹದಿನೇಳನೆಯ ಶತಮಾನದಲ್ಲಿ ಡಮಾಸ್ಕಸಿನ ಹಸ್ಕಫಿಯವರು ಬರೆದ ದುರ್ರುಲ್ ಮುಖ್ತಾರ್ ಎಂಬ ಹನಫೀ ಗ್ರಂಥವು, ಬುದ್ಧಿಪೂರ್ವಕವಾಗಿ ಪ್ರಾಣ ಬಿಟ್ಟವನಿಗೂ ಸ್ನಾನ ಮಾಡಿಸಿ ನಮಾಜು ಮಾಡಬೇಕೆಂದು ವಿಧಿಸುತ್ತದೆ. ಅನೇಕ ವಿಷಯಗಳಲ್ಲಿ ಪರಸ್ಪರ ವಾದಿಸುವ ದೇವಬಂದಿ ಉಲೇಮಾಗಳೂ ಬರೇಲ್ವಿ ಉಲೇಮಾಗಳೂ ಇದರಲ್ಲಿ ಏಕಾಭಿಪ್ರಾಯದವರು. ಜನಾಜಾ ನಮಾಜು ಊರಿನ ಮೇಲಿರುವ ಸಾಮೂಹಿಕ ಋಣ. ಕೆಲವರಾದರೂ ತೀರಿಸಿದರೆ ಎಲ್ಲರ ಋಣ ತೀರಿತು, ಯಾರೂ ತೀರಿಸದಿದ್ದರೆ ಊರೆಲ್ಲ ದೋಷಿ. ಹೀಗಿರುವಾಗ ಖಬರಸ್ತಾನದ ಬಾಗಿಲು ಮುಚ್ಚುವುದಕ್ಕೆ ಶಾಸ್ತ್ರದ ಆಧಾರವಿಲ್ಲ. ಸತ್ತವನ ಆಸ್ತಿಯ ವಿಷಯದಲ್ಲಿಯೂ ಇಂಥ ಮರಣಕ್ಕಾಗಿ ಬೇರೆ ದಂಡನೆಯಿಲ್ಲ. ಅಂತ್ಯಕ್ರಿಯೆಯ ವೆಚ್ಚ, ಬಳಿಕ ಸಾಲ, ಬಳಿಕ ಮರಣಶಾಸನ, ಕೊನೆಗೆ ಹಕ್ಕುದಾರರ ಪಾಲು ಎಂಬ ಕ್ರಮವೇ ಇಲ್ಲಿಯೂ ನಡೆಯತಕ್ಕದ್ದು.

ಎಚ್ಚರಿಕೆಗಾಗಿ ಊರಿನ ಹಿರಿಯ ಮೌಲ್ವಿಗಳು ಮಾತ್ರ ನಮಾಜಿನಿಂದ ದೂರ ನಿಂತು, ಬೇರೊಬ್ಬರಿಂದ ಮಾಡಿಸುವ ಪದ್ಧತಿಯನ್ನು ಕೆಲವರು ಒಪ್ಪುವುದುಂಟು. ಇದಕ್ಕೆ ಆಧಾರವಿಲ್ಲವೆಂದು ಹೇಳುವಂತಿಲ್ಲ. ಆದರೆ ವಿಚಾರವಂತರು ಒಂದನ್ನು ಕೇಳಿಕೊಳ್ಳಬೇಕು: ಆ ಎಚ್ಚರಿಕೆ ಯಾರ ಕಿವಿಗೆ ಬೀಳುವುದು? ಸತ್ತವನು ಕೇಳನು. ಕೇಳುವವರು ಅವನ ಹೆಂಡತಿ, ತಾಯಿ, ಶಾಲೆಗೆ ಹೋಗುವ ಮಕ್ಕಳು. ಮೌಲ್ವಿಗಳ ಮೌನವನ್ನು ಊರವರು ನಿಂದೆಯೆಂದು ತಿಳಿದು, ಆ ನಿಂದೆಯನ್ನು ವರ್ಷಗಟ್ಟಲೆ ಆ ಮಕ್ಕಳ ಮೇಲೆ ಹೊರಿಸಿದರೆ, ಎಚ್ಚರಿಕೆಯ ಉದ್ದೇಶವೇ ಕೆಟ್ಟಿತು. ಅದೇ ಸಹೀಹ್ ಮುಸ್ಲಿಮಿನಲ್ಲಿ ಇನ್ನೊಂದು ವೃತ್ತಾಂತವುಂಟು. ತುಫೈಲ್ ಬಿನ್ ಅಮ್ರರೆಂಬವರ ಸಂಗಡ ಮದೀನೆಗೆ ವಲಸೆ ಬಂದವನೊಬ್ಬನು ರೋಗದ ಬಾಧೆಯನ್ನು ತಾಳಲಾರದೆ ತನ್ನ ಕೈಗಳನ್ನೇ ಗಾಯಪಡಿಸಿಕೊಂಡು ಸತ್ತನು. ಬಳಿಕ ತುಫೈಲರ ಕನಸಿನಲ್ಲಿ ಅವನು ಒಳ್ಳೆಯ ಸ್ಥಿತಿಯಲ್ಲಿ ಕಾಣಿಸಿಕೊಂಡನು. ಕೈಗಳು ಮಾತ್ರ ಮುಚ್ಚಿದ್ದುವು. ದೇವರು ತನ್ನನ್ನು ಕ್ಷಮಿಸಿದನೆಂದೂ, ತಾನೇ ಕೆಡಿಸಿಕೊಂಡುದನ್ನು ಸರಿಪಡಿಸಲಾಗದೆಂಬ ಮಾತಾಯಿತೆಂದೂ ಅವನು ಹೇಳಿದನು. ಇದನ್ನು ಕೇಳಿದ ಪೈಗಂಬರರು, ಅವನ ಕೈಗಳನ್ನೂ ಕ್ಷಮಿಸೆಂದು ದೇವರನ್ನು ಬೇಡಿಕೊಂಡರು. ಆತ್ಮಹತ್ಯೆಯಿಂದ ಮನುಷ್ಯನು ಮತಭ್ರಷ್ಟನಾಗುವುದಿಲ್ಲ, ಅವನಿಗಾಗಿ ಪ್ರಾರ್ಥಿಸಬಹುದು ಎಂಬುದಕ್ಕೆ ಪಂಡಿತರು ತೋರಿಸುವ ಪ್ರಮಾಣವಿದು. ಖುತ್ಬಾದಲ್ಲಿ ಮೊದಲನೆಯ ಹದೀಸನ್ನು ಹೇಳುವ ಮೌಲ್ವಿಗಳು ಈ ಎರಡನೆಯದನ್ನೂ ಹೇಳಿದರೆ ಕೇಳುವವರಿಗೆ ಧರ್ಮದ ಪೂರ್ಣ ಸ್ವರೂಪ ತಿಳಿಯುವುದು.

ಇನ್ನೂ ಒಂದು ಮಾತು. ನಿದ್ರಿಸುವವನು, ಬಾಲಕ, ಬುದ್ಧಿಭ್ರಮಣೆಯುಳ್ಳವನು ಈ ಮೂವರ ಕೃತ್ಯಗಳನ್ನು ದೇವರ ಲೆಕ್ಕದ ಲೇಖನಿ ಬರೆಯುವುದಿಲ್ಲವೆಂಬುದು ಇಸ್ಲಾಮಿನಲ್ಲಿ ಪ್ರಸಿದ್ಧವಾದ ತತ್ವ. ಪ್ರಾಣ ಬಿಡಲು ಹೊರಟ ಎಲ್ಲರೂ ಬುದ್ಧಿ ಕೆಟ್ಟವರೆಂದಲ್ಲ. ಆದರೆ ಖಿನ್ನತೆಯೆಂಬುದು ಸೋಮಾರಿತನವಾಗಲಿ ಭಕ್ತಿಯ ಕೊರತೆಯಾಗಲಿ ಅಲ್ಲ, ಚಿಕಿತ್ಸೆಗೆ ಬಗ್ಗುವ ಕಾಯಿಲೆ ಎಂದು ಇಂದಿನ ವೈದ್ಯಶಾಸ್ತ್ರ ಸ್ಥಾಪಿಸಿದೆ. ಒಬ್ಬನ ಮನಸ್ಸು ಆ ಗಳಿಗೆಯಲ್ಲಿ ಎಷ್ಟು ಸ್ವಾಧೀನದಲ್ಲಿತ್ತೆಂಬುದನ್ನು ಬೀದಿಯಲ್ಲಿ ನಿಂತ ನಾವು ಅಳೆಯಲಾರೆವು.

ಇದು ಮುಸಲ್ಮಾನರೊಬ್ಬರ ಸಮಸ್ಯೆಯೂ ಅಲ್ಲ. ಹಿಂದೂ ಧರ್ಮಶಾಸ್ತ್ರಗಳೂ ಆತ್ಮಘಾತವನ್ನು ಮಹಾಪಾಪವೆಂದು ಎಣಿಸಿವೆ. ರೋಮನ್ ಕ್ಯಾಥೊಲಿಕ್ ಸಭೆಯ ೧೯೧೭ರ ಧರ್ಮಸಂಹಿತೆಯಲ್ಲಿ ಬುದ್ಧಿಪೂರ್ವಕ ಆತ್ಮಹತ್ಯೆಗೆ ಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸಿದ್ದಿತು. ೧೯೮೩ರ ಸಂಹಿತೆಯಲ್ಲಿ ಆ ನಿಷೇಧವನ್ನು ಬಿಟ್ಟುಬಿಟ್ಟರು. ಎಲ್ಲ ಮತಗಳೂ ಕೃತ್ಯವನ್ನು ನಿಂದಿಸುತ್ತಲೇ, ಮನುಷ್ಯನ ವಿಷಯದಲ್ಲಿ ಕರುಣೆಯ ಕಡೆಗೆ ಸಾಗಿರುವುದನ್ನು ಇದರಿಂದ ಕಾಣಬಹುದು.

ಇನ್ನು ಕಾನೂನಿನ ಮಾತು. ೧೮೬೦ರ ಇಂಡಿಯನ್ ಪೀನಲ್ ಕೋಡಿನ ೩೦೯ನೆಯ ವಿಧಿಯಂತೆ ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವನಿಗೆ ಒಂದು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ ಆಗಬಹುದಾಗಿತ್ತು. ಈ ವಿಧಿ ಷರೀಯತ್ತಿನಿಂದಾಗಲಿ ಧರ್ಮಶಾಸ್ತ್ರದಿಂದಾಗಲಿ ಬಂದುದಲ್ಲ. ಇಂಗ್ಲಿಷರ ಕಾನೂನಿನ ಸಂಪ್ರದಾಯದಿಂದ ಬಂದುದು. ಆ ಇಂಗ್ಲೆಂಡಿನವರೇ ೧೯೬೧ರಲ್ಲಿ ತಮ್ಮ ದೇಶದಲ್ಲಿ ಅದನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿದರು. ನಮ್ಮಲ್ಲಿ ಮಾತ್ರ ಅದು ಬಹುಕಾಲ ನಿಂತಿತು. ೧೯೭೧ರಲ್ಲಿ ಕಾನೂನು ಆಯೋಗವು ತನ್ನ ೪೨ನೆಯ ವರದಿಯಲ್ಲಿ ಇದನ್ನು ತೆಗೆದುಬಿಡಬೇಕೆಂದಿತು. ೧೯೭೮ರ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕೃತವಾಗಿಯೂ, ೧೯೭೯ರಲ್ಲಿ ಲೋಕಸಭೆ ವಿಸರ್ಜಿತವಾದುದರಿಂದ ಬಿದ್ದುಹೋಯಿತು. ೧೯೯೪ರಲ್ಲಿ ಪಿ. ರತಿನಂ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಿಧಿಯನ್ನು ಅಸಿಂಧುಗೊಳಿಸಿತು. ೧೯೯೬ರಲ್ಲಿ ಗ್ಯಾನ್ ಕೌರ್ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಪೀಠವು, ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಅಡಗಿಲ್ಲವೆಂದು ಹೇಳಿ ಅದನ್ನು ಮತ್ತೆ ಸ್ಥಾಪಿಸಿತು. ೨೦೦೮ರಲ್ಲಿ ಆಯೋಗದ ೨೧೦ನೆಯ ವರದಿ ಪುನಃ ರದ್ದತಿಯನ್ನೇ ಶಿಫಾರಸು ಮಾಡಿತು.

ಕಡೆಗೆ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಬಂದು, ೨೦೧೮ರ ಮೇ ತಿಂಗಳಿನಿಂದ ಜಾರಿಯಾಯಿತು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನೋವ್ಯಥೆಯಲ್ಲಿದ್ದನೆಂದೇ ಭಾವಿಸತಕ್ಕದ್ದು, ಬೇರೆಯದು ರುಜುವಾತಾಗದ ಹೊರತು ಅವನನ್ನು ಶಿಕ್ಷಿಸಕೂಡದು, ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿಗಳನ್ನು ಕೊಡುವುದು ಸರಕಾರದ ಕರ್ತವ್ಯ ಎಂದು ಅದರ ೧೧೫ನೆಯ ವಿಧಿ ಸಾರುತ್ತದೆ. ೨೦೨೪ರ ಜುಲೈ ೧ರಿಂದ ಹಳೆಯ ಪೀನಲ್ ಕೋಡಿನ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಹಳೆಯ ೩೦೯ನೆಯ ವಿಧಿಯೇ ಇಲ್ಲ. ಸರಕಾರಿ ಅಧಿಕಾರಿಯನ್ನು ಅವನ ಕಾನೂನುಬದ್ಧ ಕೆಲಸದಿಂದ ತಡೆಯುವುದಕ್ಕೋ, ಅವನಿಂದ ಕೆಲಸ ಮಾಡಿಸುವುದಕ್ಕೋ ಆತ್ಮಹತ್ಯೆಯ ಯತ್ನವನ್ನು ಆಯುಧವಾಗಿ ಬಳಸುವುದು ಮಾತ್ರ ೨೨೬ನೆಯ ವಿಧಿಯಂತೆ ಅಪರಾಧ. ಇನ್ನೊಬ್ಬರನ್ನು ಆತ್ಮಹತ್ಯೆಗೆ ಪ್ರೇರೇಪಿಸಿದವನಿಗೆ ೧೦೮ನೆಯ ವಿಧಿಯಂತೆ ಹತ್ತು ವರ್ಷದವರೆಗೆ ಸೆರೆಮನೆ ಉಂಟು. ನೊಂದವನನ್ನು ಬಿಟ್ಟು ನೋಯಿಸಿದವನನ್ನು ಹಿಡಿಯುವ ನ್ಯಾಯವಿದು.

ಪಾಪವೆನಿಸಿದುದನ್ನು ಕಾನೂನು ಶಿಕ್ಷಿಸದೆ ಬಿಟ್ಟರೆ ಪಾಪಕ್ಕೆ ಅನುಮತಿ ಕೊಟ್ಟಂತಾಗದೆ? ಧರ್ಮಶ್ರದ್ಧೆಯುಳ್ಳ ಅನೇಕರಲ್ಲಿ ಏಳುವ ಸಂದೇಹವಿದು. ಇದನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಷರೀಯತ್ತಿನಲ್ಲಿಯೇ ಇದಕ್ಕೆ ಉತ್ತರವುಂಟು. ಕಳವು ಮೊದಲಾದ ಕೆಲವು ಅಪರಾಧಗಳಿಗೆ ಶಾಸ್ತ್ರವು ನಿಶ್ಚಿತವಾದ ಲೌಕಿಕ ಶಿಕ್ಷೆಯನ್ನು ಹೇಳಿದೆ; ಆತ್ಮಹತ್ಯೆಯ ಯತ್ನಕ್ಕೆ ಅಂಥ ನಿಶ್ಚಿತ ಶಿಕ್ಷೆಯನ್ನು ಹೇಳಿಲ್ಲ. ನಮಾಜು ಬಿಡುವುದು, ಚಾಡಿ ಹೇಳುವುದು, ತಂದೆತಾಯಿಯರ ಮನಸ್ಸನ್ನು ನೋಯಿಸುವುದು ಇವೂ ಪಾಪಗಳೇ. ಇವುಗಳಿಗಾಗಿ ನಮ್ಮ ದೇಶದಲ್ಲಿ ಯಾರನ್ನೂ ಜೈಲಿಗೆ ಕಳುಹಿಸುವುದಿಲ್ಲವೆಂದು ಅವು ಪುಣ್ಯವಾಗಲಿಲ್ಲ. ಪಾಪದ ಲೆಕ್ಕ ದೇವರದು. ಗಾಯಕ್ಕೆ ಔಷಧಿ ಹಚ್ಚುವ ಕೆಲಸ ನಮ್ಮದು. ಮುಸಲ್ಮಾನರೇ ಬಹುಸಂಖ್ಯಾತರಾಗಿರುವ ಪಾಕಿಸ್ತಾನದಲ್ಲಿ ೨೦೨೨ರ ಡಿಸೆಂಬರಿನಲ್ಲಿಯೂ, ಮಲೇಷಿಯದಲ್ಲಿ ೨೦೨೩ರಲ್ಲಿಯೂ ಇಂಥದೇ ವಿಧಿಯನ್ನು ತೆಗೆಯುವ ಶಾಸನಗಳು ಅಂಗೀಕೃತವಾದುವು. ಧರ್ಮದ ನಿಷೇಧವನ್ನು ಉಳಿಸಿಕೊಂಡೇ ಜೈಲಿನ ಭಯವನ್ನು ತೆಗೆಯಬಹುದೆಂಬುದಕ್ಕೆ ಇವು ನಿದರ್ಶನಗಳು.

ಕಾನೂನೂ ಆಚಾರವೂ ತಾಗುವ ಒಂದು ಜಾಗ ಮಾತ್ರ ಇನ್ನೂ ಉಳಿದಿದೆ. ಮುಸಲ್ಮಾನರಲ್ಲಿ ಶವವನ್ನು ಬೇಗನೆ ದಫನು ಮಾಡುವುದು ಆಚಾರ. ಅಸಹಜ ಮರಣವಾದಾಗ ಪೊಲೀಸರು ಮಹಜರು ಮಾಡಿ, ಅಗತ್ಯವಿದ್ದರೆ ಶವಪರೀಕ್ಷೆ ಮಾಡಿಸುವುದು ಕಾನೂನು. ಬೇಗ ಮುಗಿಸಬೇಕೆಂಬ ಆತುರದಲ್ಲಿ ಸುದ್ದಿಯನ್ನು ಮುಚ್ಚಿದರೆ ಮುಂದೆ ಮನೆಯವರ ಮೇಲೆಯೇ ಸಂಶಯ ಬರುವುದು. ಸೊಸೆಯೊಬ್ಬಳಿಗೆ ನಿಜವಾಗಿ ಅನ್ಯಾಯವಾಗಿದ್ದರೆ ಆ ಅನ್ಯಾಯವೂ ಅವಳೊಡನೆ ಮಣ್ಣಾಗುವುದು. ಇಂಥ ಸಮಯದಲ್ಲಿ ತಾವೇ ಮುಂದೆ ನಿಂತು ಠಾಣೆಗೆ ತಿಳಿಸಿ, ಕಾಗದಪತ್ರದ ಕೆಲಸವನ್ನು ಬೇಗ ಮುಗಿಸಿಕೊಡುವ ಮಸೀದಿಯ ಮುತವಲ್ಲಿಗಳು ಧರ್ಮವನ್ನೂ ಕಾನೂನನ್ನೂ ಒಟ್ಟಿಗೆ ಕಾಪಾಡಿದಂತಾಗುವುದು.

ಇಷ್ಟೂ ಮರಣದ ಅನಂತರದ ಮಾತಾಯಿತು. ಮರಣಕ್ಕೆ ಮೊದಲು ಧರ್ಮಗುರುಗಳು ಮಾಡಬಹುದಾದುದೇನು? ಇದಕ್ಕೆ ನಮ್ಮ ಸೀಮೆಗೆ ಬಹಳ ಹತ್ತಿರವಾದ ಒಂದು ದೃಷ್ಟಾಂತವಿದೆ. ಪೈಗಂಬರರು ಜನಾಜಾ ನಮಾಜಿಗೆ ಹಿಂದೆಗೆದುದು ಆತ್ಮಹತ್ಯೆ ಮಾಡಿಕೊಂಡವನ ವಿಷಯದಲ್ಲಿ ಮಾತ್ರವಲ್ಲ. ಸಾಲ ಉಳಿಸಿ ಸತ್ತವನ ವಿಷಯದಲ್ಲಿಯೂ ಹಿಂದೆಗೆದಿದ್ದರು. ಅಂಥವನೊಬ್ಬನ ಮೇಲೆ ಎರಡು ದೀನಾರುಗಳ ಸಾಲವಿರಲು ಅಬೂ ಖತಾದರೆಂಬವರು, ಆ ಸಾಲ ತಮ್ಮ ಮೇಲಿರಲೆಂದು ಜಾಮೀನು ನಿಂತರು. ಆಗ ಪೈಗಂಬರರು ನಮಾಜು ಮಾಡಿದರು. ಮುಂದೆ ಅನುಕೂಲ ಬಂದಾಗ, ಸಾಲ ತೀರಿಸದೆ ಸತ್ತವರ ಸಾಲ ತಮ್ಮ ಮೇಲಿರಲೆಂದು ಅವರೇ ಸಾರಿದರು. ಆತ್ಮಹತ್ಯೆಯ ಹದೀಸನ್ನು ವಿವರಿಸುವಾಗ ನವವಿಯವರೂ ಈ ಸಾಲಗಾರನ ಉದಾಹರಣೆಯನ್ನೇ ಕೊಡುವರು. ಎಚ್ಚರಿಕೆಯಿಂದ ಆರಂಭವಾದುದು ಹೊಣೆಗಾರಿಕೆಯಲ್ಲಿ ಮುಗಿಯಿತೆಂಬುದನ್ನು ವಾಚಕರು ಗಮನಿಸಬೇಕು. ಕುರಾನು ಜಕಾತಿನ ಹಣಕ್ಕೆ ಎಂಟು ಬಗೆಯ ಪಾತ್ರರನ್ನು ಹೇಳಿದೆ. ಅವರಲ್ಲಿ ಸಾಲದಲ್ಲಿ ಮುಳುಗಿದವನೂ ಒಬ್ಬನು. ರಂಜಾನಿನಲ್ಲಿ ಕೂಡಿಬರುವ ಜಕಾತಿನಿಂದ ಮೊಹಲ್ಲೆಯ ಒಬ್ಬಿಬ್ಬರು ಸಾಲಗಾರರನ್ನಾದರೂ ಸದ್ದಿಲ್ಲದೆ ಬಿಡಿಸಿದರೆ, ಅದು ಹತ್ತು ಉಪದೇಶಗಳಿಗಿಂತ ಮೇಲು.

ಸರಕಾರವೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಮಂಡ್ಯವೂ ಸೇರಿ ಹಲವು ಜಿಲ್ಲೆಗಳಲ್ಲಿ ಕಿರುಸಾಲದ ವಸೂಲಿಗಾರರ ಕಾಟಕ್ಕೆ ಜನ ಬಲಿಯಾದರೆಂಬ ಕೂಗೆದ್ದಾಗ, ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿ, ಹತ್ತು ವರ್ಷದವರೆಗೆ ಸೆರೆಯನ್ನೂ ಐದು ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸಿತು. ವರದಕ್ಷಿಣೆಯ ವಿಷಯದಲ್ಲಿ ಧರ್ಮಗುರುಗಳೇ ಎದ್ದು ನಿಂತುದುಂಟು. ೨೦೨೧ರ ಫೆಬ್ರವರಿಯಲ್ಲಿ ಅಹಮದಾಬಾದಿನ ಮುಸಲ್ಮಾನ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಾಗ, ಅವಳ ಕಡೆಯ ಮಾತುಗಳನ್ನು ಕೇಳಿ ದೇಶವೇ ಮರುಗಿತು. ಆಗ ಮೌಲ್ವಿಗಳು ಅವಳ ಕೃತ್ಯ ನಿಷಿದ್ಧವೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅನೇಕರು ವರದಕ್ಷಿಣೆಯನ್ನು ಖಂಡಿಸಿದರು. ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಲಿಯು ಮಾರ್ಚ್ ತಿಂಗಳಲ್ಲಿ ಸರಳ ನಿಕಾಹಿನ ಪ್ರಚಾರವನ್ನು ಕೈಕೊಂಡಿತು.

ಮನೋರೋಗದ ವಿಷಯದಲ್ಲಿ ದುಆ ಸಾಕು, ದವಾ ಏಕೆ ಎನ್ನುವವರು ಇನ್ನೂ ಇದ್ದಾರೆ. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿಯ ಆಶ್ರಮವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ ೨೮ ಮಂದಿ ಮನೋರೋಗಿಗಳು ಸತ್ತುದು ಆ ವಾದದ ಕಹಿಯಾದ ಫಲ. ಅದಕ್ಕೆ ಪ್ರತಿಯಾಗಿ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ೨೦೦೮ರಿಂದ ದವಾ–ದುಆ ಎಂಬ ಯೋಜನೆ ನಡೆದು, ದರ್ಗಾದ ಮುಜಾವರರೇ ಯಾತ್ರಿಕರನ್ನು ಅಲ್ಲಿಯ ವೈದ್ಯರ ಬಳಿಗೆ ಕಳುಹಿಸುವಂತಾಯಿತು. ಪ್ರಾರ್ಥನೆಯೂ ಔಷಧಿಯೂ ಒಂದೇ ಅಂಗಳದಲ್ಲಿ ಇರಬಹುದೆಂದು ಅವರು ತೋರಿಸಿಕೊಟ್ಟರು. ನಮ್ಮ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಜಗತ್ಪ್ರಸಿದ್ಧವಾದುದು. ಮಂಡ್ಯದಲ್ಲಿಯೇ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ೨೦೨೨ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಹಗಲಿರುಳು, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಗೃಹಸ್ಥರು ಮನಸ್ಸಿನಲ್ಲಿಡಬೇಕಾದುದು ಇಷ್ಟೆ. ಮನೆಯಲ್ಲಿ ಯಾರಾದರೂ ಊಟ ನಿದ್ರೆ ಬಿಟ್ಟು ತಾನಿದ್ದು ಫಲವೇನೆಂದು ಆಡಿದರೆ, ಅದನ್ನು ಹಟವೆಂದು ಗದರಿಸದೆ ಕುಳಿತು ಕೇಳಬೇಕು, ಒಬ್ಬರನ್ನೇ ಬಿಡಬಾರದು, ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಯತ್ನ ನಡೆದುಹೋಗಿದ್ದರೆ ಪೊಲೀಸಿನ ಭಯದಿಂದ ಗಳಿಗೆಯನ್ನು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಕಾನೂನು ಈಗ ರೋಗಿಯ ಪಕ್ಷದಲ್ಲಿದೆ. ಬದುಕಿ ಬಂದವನನ್ನು ಮೂದಲಿಸಬಾರದು. ತೋಬಾದ, ಎಂದರೆ ಪಶ್ಚಾತ್ತಾಪದ, ಬಾಗಿಲು ಅವನಿಗೆ ತೆರೆದೇ ಇದೆ. ಮರಣವೇ ಆಗಿಹೋಗಿದ್ದರೆ, ಹೆಣಕ್ಕೆ ಹೆಗಲು ಕೊಟ್ಟು ಆ ಮನೆಯ ಮಕ್ಕಳ ಮುಂದೆ ನಾಲಗೆಯನ್ನು ಬಿಗಿಹಿಡಿಯಬೇಕು. ಈ ಮಾತುಗಳು ಮಸೀದಿಯ ಮೊಹಲ್ಲೆಗೆ ಎಷ್ಟು ಸಲ್ಲುವುವೋ ಗುಡಿಯ ಬೀದಿಗೂ ಅಷ್ಟೇ ಸಲ್ಲುವುವು. ಪ್ರಾಣವು ದೇವರಿಟ್ಟ ಒಡವೆಯೆಂಬ ಮಾತು ನಿಜವಾದರೆ, ನೆರೆಯವನ ಪ್ರಾಣವೂ ಅಂಥ ಒಡವೆಯೇ. ಅವನು ಒಬ್ಬನೇ ಕಾಯಲಾರದೆ ಕೈಸೋತಾಗ, ಅಬೂ ಖತಾದರಂತೆ ಎದ್ದು ಜಾಮೀನು ನಿಲ್ಲುವ ಒಬ್ಬನಾದರೂ ಪ್ರತಿಯೊಂದು ಬೀದಿಯಲ್ಲಿಯೂ ಇರಬೇಕು.